ಅಕ್ಕೋರ ಶನಿವಾರದ ಗ್ಲಾಸು

ನಮ್ಮ ಭಾಗದಲ್ಲಿ ಮದ್ಯದಂಗಡಿ ಎಲ್ಲಿದ್ದರೂ ಅದರ ಫಲಕದ ಮೇಲೆ 'ವೈನ್ಸ್' ಎಂದೇ ಬರೆದಿರುತ್ತದೆ. ಒಳಗೆ ವೈನ್ ಒಂದನ್ನು ಬಿಟ್ಟು ಉಳಿದೆಲ್ಲವೂ ಸಿಗುತ್ತದೆ. ಹೆಚ್ಚಾಗಿ ಸಿಗುವುದು ಅಗ್ಗದ ವಿಸ್ಕಿಯ ಕಾಗದದ ಪಾಕೀಟು. ಹೊಲದ ಬದುವಿನಲ್ಲಿ, ಶಾಲೆಯ ಗೋಡೆಯ ಬುಡದಲ್ಲಿ ಹರಿದು ಬಿದ್ದಿರುವುದು ಅದೇ. ಇದನ್ನು ನನಗೆ ಮೊದಲು ತೋರಿಸಿಕೊಟ್ಟವರು ಅಕ್ಕೋರು. ರೋಣಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಒಂದು ಫಲಕದ ಕಡೆ ಬೆರಳು ಮಾಡಿ ಹೇಳಿದ್ದರು: "ನೋಡು ತಂಗಿ, ಮೊದಲನೇ ಸುಳ್ಳು ಬೋರ್ಡಿನ ಮ್ಯಾಲ ಬರದಾರ. ಉಳಿದದ್ದು ಒಳಗ ಮಾರ್ತಾರ."

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನಮ್ಮ ಮದ್ಯವಿರೋಧಿ ಸಂಘದ ಹೆಂಗಸರು ಕೇಳಿದಾಗ ನಾನು ಒಪ್ಪಿಕೊಂಡೆ. ಆದರೆ ಹೆಸರನ್ನು ಬರೆಯುವುದಿಲ್ಲ. ಹಿಂದೊಮ್ಮೆ ಒಂದು ಕರಪತ್ರದಲ್ಲಿ ಅವರ ಹೆಸರನ್ನು ಸೇರಿಸಲು ಹೋದಾಗ ಅವರೇ ತಡೆದಿದ್ದರು. "ಹೆಸರು ಹಾಕಿದ್ರ ಮಂದಿ ಮನಿತನ ಹುಡುಕ್ತಾರ, ಜಾತಿ ಹುಡುಕ್ತಾರ. ಮಾತು ಅಲ್ಲೇ ಬಿಟ್ಟು ಹೋಗ್ತಾರ" ಎಂದಿದ್ದರು. ಒಬ್ಬ ಹೆಣ್ಣುಮಗಳ ಮಾತನ್ನು ಕೇಳುವ ಮೊದಲು ಅವಳು ಯಾರ ಪೈಕಿ ಎಂದು ಕೇಳುವ ಸಮಾಜಕ್ಕೆ ಇದಕ್ಕಿಂತ ಸರಿಯಾದ ಉತ್ತರ ನನಗೆ ತಿಳಿದಿಲ್ಲ. ಊರೆಲ್ಲ ಕರೆಯುತ್ತಿದ್ದ ಹಾಗೆ ನಾನೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇನೆ. ನಮ್ಮಲ್ಲಿ ಶಿಕ್ಷಕಿಯರಿಗೆ ಆ ಹೆಸರು.

ಅವರು ರೋಣದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತರಾದವರು. ಗಂಡ ನರಗುಂದದಲ್ಲಿ ಕಾಲುವೆಯ ಎಂಜಿನಿಯರರಾಗಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕೋರು ಗಜೇಂದ್ರಗಡಕ್ಕೆ ಬಂದು, ಕೋಟೆಯ ಗುಡ್ಡದ ಕೆಳಗಿನ ಓಣಿಯಲ್ಲಿ ಒಂದು ಸಣ್ಣ ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಗಿಡ್ಡ ಆಳು, ನೆಟ್ಟಗಿನ ಬೆನ್ನು. ಅದೇ ಊರಿನ ಮಗ್ಗದ ಪಟ್ಟೇದ ಅಂಚಿನ ಸೀರೆ. ಮುಖವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟಿದ ಕೈಗಡಿಯಾರ. ಏನನ್ನಾದರೂ ಕೊಟ್ಟರೆ ಮೊದಲು ಮೂಗಿನ ಹತ್ತಿರ ಹಿಡಿಯುವ ಅಭ್ಯಾಸ. ಅದು ಹಣ್ಣಾಗಲಿ, ಹೊಸ ಬಟ್ಟೆಯಾಗಲಿ, ಸರ್ಕಾರದ ಸುತ್ತೋಲೆಯಾಗಲಿ.

ಅವರಿಗೆ ಆಹಾರವೆಲ್ಲ ರೊಟ್ಟಿಯ ಲೆಕ್ಕದಲ್ಲಿ ಕಾಣುತ್ತಿತ್ತು. ಪಠ್ಯಪುಸ್ತಕದಲ್ಲಿ ಕ್ಯಾಲರಿ ಎಂಬ ಶಬ್ದವಿತ್ತು, ಆದರೆ ಹುಡುಗಿಯರ ತಲೆಗೆ ಅದು ಹತ್ತುತ್ತಿರಲಿಲ್ಲ. ಆದ್ದರಿಂದ ಒಂದು ಜೋಳದ ರೊಟ್ಟಿಯನ್ನೇ ಅಳತೆಯಾಗಿ ಇಟ್ಟುಕೊಂಡರು. ಬೂಂದಿ ಉಂಡೆ ಎಂದರೆ ಎರಡು ರೊಟ್ಟಿ, ಬಾಳೆಹಣ್ಣು ಎಂದರೆ ಒಂದಕ್ಕಿಂತ ತುಸು ಕಡಿಮೆ. ನರೇಗಲ್ಲಿನ ಸಂತೆಯಲ್ಲಿ ಮಿರ್ಚಿ ಭಜಿ ಕರಿಯುವವನ ಮುಂದೆ ನಿಂತು, ಬಾಣಲೆಯನ್ನು ನೋಡುತ್ತಾ, "ಎರಡು ಭಜಿ ತಿಂದ್ರ ಒಂದ್ ಹೊತ್ತಿನ ರೊಟ್ಟಿ ತಿಂದಂಗ" ಎಂದು ನನಗೆ ಪಾಠ ಹೇಳಿದರು. ಭಜಿಯವನಿಗೆ ಸಿಟ್ಟು ಬಂತು.

"ಅಕ್ಕೋರ, ಗಿರಾಕಿ ಮುಂದ ಹಿಂಗ ಹೇಳಿದ್ರ ನಾ ಬಂಡಿ ಮುಚ್ಚಿ ಮನಿಗೆ ಹೋಗಬೇಕಾಕ್ಕೈತ್ರಿ."

"ಮುಚ್ಚಬ್ಯಾಡಪಾ. ನನಗೂ ಎರಡು ಕಟ್ಟು. ರಾತ್ರಿ ರೊಟ್ಟಿ ಬಿಡ್ತೀನಿ."

ಇದೇ ಲೆಕ್ಕವನ್ನು ಅವರು ಹಳ್ಳಿಯ ಹೆಂಗಸರ ಸಭೆಗಳಲ್ಲಿ ತಿರುಗಿಸಿ ಹಾಕುತ್ತಿದ್ದರು. ಮುಶಿಗೇರಿಯ ಕಡೆ, ಕಳೆ ತೆಗೆದು ಬಂದು ಕುಳಿತ ಹೆಂಗಸರಿಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ: "ನೀವು ಮಾಡೋ ಕೆಲಸಕ್ಕ ನಿಮಗ ದಿನಾ ಎರಡು ರೊಟ್ಟಿ ಕಮ್ಮಿ ಬೀಳಾಕತ್ತಾವ. ಆ ರೊಟ್ಟಿ ಯಾರು ತಿನ್ನಾಕತ್ತಾರ, ನಿಮ್ಮ ಮನ್ಯಾಗ ಕೂತು ವಿಚಾರ ಮಾಡ್ರಿ." ಎಲ್ಲರಿಗೂ ಬಡಿಸಿ, ಎಲ್ಲರ ಎಂಜಲು ತೆಗೆದು, ಉಳಿದದ್ದನ್ನು ಉಣ್ಣುವುದನ್ನು ನಾವು ತ್ಯಾಗ ಎಂದು ಕರೆದು ಹಾಡಿಹೊಗಳಿದ್ದೇವೆ. ಅದು ತ್ಯಾಗವಲ್ಲ, ಅನ್ಯಾಯದ ಹಂಚಿಕೆ. ನಾನು ಇದನ್ನೇ ಗಂಟೆಗಟ್ಟಲೆ ಭಾಷಣದಲ್ಲಿ ಹೇಳುತ್ತಿದ್ದೆ. ಅಕ್ಕೋರು ಎರಡು ರೊಟ್ಟಿಯಲ್ಲಿ ಹೇಳಿ ಮುಗಿಸುತ್ತಿದ್ದರು.

ಅವರು ನಮ್ಮ ಜೊತೆ ಸೇರಿದ್ದು ಅಕ್ರಮ ಮದ್ಯ ಮಾರಾಟದ ವಿರುದ್ಧದ ಹೋರಾಟದಲ್ಲಿ. ನಮ್ಮ ಹಳ್ಳಿಗಳಲ್ಲಿ ಕುಡಿಯುವವನು ಪೇಟೆಯ ತನಕ ಹೋಗಬೇಕಾಗಿಲ್ಲ. ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ, ಬೆಲ್ಲ ಮತ್ತು ಸಾಬೂನಿನ ಹಿಂದೆ ಪಾಕೀಟು ಇರುತ್ತದೆ. ಬೆಳಿಗ್ಗೆ ಮಗುವಿಗೆ ಬಿಸ್ಕೀಟು ಕೊಟ್ಟ ಕೈಯೇ ಅದರ ಅಪ್ಪನಿಗೆ ಪಾಕೀಟು ಕೊಡುತ್ತದೆ. ಅಬಕಾರಿಯ ಆದಾಯ ನಿಂತರೆ ರಾಜ್ಯ ನಡೆಯುವುದಿಲ್ಲ ಎನ್ನುವವರು, ಆ ಆದಾಯ ಯಾವ ಮನೆಯ ಯಾವ ಒಲೆಯಿಂದ ಬಂತೆಂದು ಹೇಳುವುದಿಲ್ಲ. ಈ ಅಂಗಡಿಗಳನ್ನು ಮುಚ್ಚಿಸಲು ಹಳ್ಳಿ ಹಳ್ಳಿಯ ಹೆಂಗಸರು ಸೇರಿ ಸಂಘ ಕಟ್ಟಿದರು. ಅದರ ಮುಂದಾಳು ನಿಂಗವ್ವ ಎಂಬ ಹಿರಿಯ ಹೆಣ್ಣುಮಗಳು. ಗಂಡ ಕುಡಿದು ಕುಡಿದು ಸತ್ತ ಮೇಲೆ ಹೊಲವನ್ನು ಒಬ್ಬಳೇ ಮಾಡಿಕೊಂಡು ಬಂದವಳು. ಅಕ್ಷರ ಬಾರದು, ಆದರೆ ಅವಳ ಮುಂದೆ ಸುಳ್ಳು ಹೇಳಿ ತಪ್ಪಿಸಿಕೊಂಡವರನ್ನು ನಾನು ಕಾಣೆ.

ಸಂಘಕ್ಕೆ ಸೇರುವ ಪದ್ಧತಿಯನ್ನು ನಿಂಗವ್ವನೇ ಗೊತ್ತುಮಾಡಿದ್ದಳು. ರಸೀತಿ ಹರಿಯುವುದು, ಸಹಿ ಮಾಡಿಸುವುದು ಅವಳಿಗೆ ಒಗ್ಗಲಿಲ್ಲ. ಉಡಿ ತುಂಬಬೇಕು ಎಂದಳು. ಸೇರುವವಳು ಸೆರಗು ಒಡ್ಡಬೇಕು. ಅದರಲ್ಲಿ ಜೋಳ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಒಂದು ಖಣ ಹಾಕುವುದು. ಉಡಿ ತುಂಬಿದ ಮೇಲೆ ಅವಳು, "ನನ್ನ ಮನಿ ಹೊಸ್ತಿಲದಾಗ ಸೆರೆ ಬರಗೊಡಾಂಗಿಲ್ಲ" ಎಂದು ಆಣೆ ಮಾಡಬೇಕು. ಸೆರೆ ಎಂದರೆ ನಮ್ಮಲ್ಲಿ ಮದ್ಯ. ಸೆರಗಿನಲ್ಲಿ ಜೋಳ ಹಿಡಿದುಕೊಂಡು ಸುಳ್ಳು ಆಡುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ ಎಂಬುದು ನಿಂಗವ್ವನ ನಂಬಿಕೆ. ಅದು ಬಹುಮಟ್ಟಿಗೆ ನಿಜವೂ ಆಗಿತ್ತು.

ಅಕ್ಕೋರು ಸಂಘದ ಎಲ್ಲ ಕೆಲಸಕ್ಕೂ ಮುಂದಿದ್ದರು. ಅರ್ಜಿ ಬರೆಯುವುದು, ಹಳ್ಳಿಗೆ ಹೋಗುವುದು, ಹೊಡೆತ ತಿಂದವಳನ್ನು ದವಾಖಾನೆಗೆ ಕರೆದುಕೊಂಡು ಹೋಗುವುದು. ಉಡಿ ಮಾತ್ರ ಬೇಡ ಎನ್ನುತ್ತಿದ್ದರು.

"ನಾ ಒಲ್ಲೆವಾ ನಿಂಗವ್ವ. ಕೆಲಸ ಹೇಳು, ಮಾಡ್ತೀನಿ. ಉಡಿ ಬ್ಯಾಡ."

ಏಕೆಂದು ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದೆವು. ಗಂಡ ಸತ್ತವಳಿಗೆ ಉಡಿ ತುಂಬುವ ರೂಢಿ ನಮ್ಮಲ್ಲಿ ಇರಲಿಲ್ಲ. ನಿಂಗವ್ವನೇ ಗಂಡ ಸತ್ತವಳಾದ್ದರಿಂದ ಆಣೆ ಹೇಳಿಸುತ್ತಿದ್ದಳೇ ಹೊರತು ತಾನು ಉಡಿಗೆ ಕೈ ಹಚ್ಚುತ್ತಿರಲಿಲ್ಲ. ತುಂಬುವ ಕೆಲಸ ಮುತ್ತೈದೆಯರದು. ನನಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. ಕುಡುಕ ಗಂಡ ಸಾಯುವ ತನಕ ಅವನ ಕೈಯಲ್ಲಿ ನರಳಿದವಳು, ಅವನು ಸತ್ತ ಮೇಲೂ ಅವನ ಹೆಸರಿನಲ್ಲಿ ಅಮಂಗಳೆ ಆಗಬೇಕೆಂದರೆ, ನಾವು ಹೋರಾಡುತ್ತಿರುವುದು ಯಾತರ ವಿರುದ್ಧ? ನರೇಗಲ್ಲಿನ ಸಭೆಯಲ್ಲಿ ನಾನು ಎದ್ದು ನಿಂತು ಇದನ್ನು ಖಾರವಾಗಿಯೇ ಹೇಳಿದೆ. ಅಕ್ಕೋರ ಕಡೆ ಕೈ ತೋರಿಸಿ, "ಇಂಥವರು ಕೂಡ ಉಡಿಗೆ ಹಿಂಜರಿಯುವಂತೆ ಮಾಡಿದ ಪದ್ಧತಿಗೆ ನಾಚಿಕೆಯಾಗಬೇಕು" ಎಂದೆ. ಆಮೇಲೆ ಒಬ್ಬಳು ಸೆರಗು ಒಡ್ಡಿದಳು, ಇನ್ನೊಬ್ಬಳು ಒಡ್ಡಿದಳು. ಗಂಡ ಸತ್ತವರ ಉಡಿಗೆ ಆ ದಿನ ಜೋಳ ಬಿತ್ತು. ನಿಂಗವ್ವ ಎಲ್ಲರಿಗಿಂತ ಕೊನೆಗೆ ಸೆರಗು ಒಡ್ಡಿ, ಬಹಳ ಹೊತ್ತು ಅದರೊಳಗೆ ನೋಡುತ್ತಾ ನಿಂತಳು.

ಅಕ್ಕೋರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಉಡಿಯ ತಾಟು ಹಿಡಿದು ಅವರ ಮುಂದೆ ಬಂದಾಗ ನಕ್ಕು, "ನನಗ ಬ್ಯಾಡ ತಂಗಿ" ಎಂದರು. ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಕೆಲವು ತಿಂಗಳ ನಂತರ, ಒಂದು ಶನಿವಾರ ಸಂಜೆ. ಗಜೇಂದ್ರಗಡದಲ್ಲಿ ಕೆಲಸ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ ನಾನು ಮನೆಗೆ ಹಿಡಿಯಬೇಕಾದ ನರಗುಂದದ ಬಸ್ಸು ಹೋಗಿತ್ತು. ಬಿಸಿಲು ಇನ್ನೂ ಗುಡ್ಡದ ಮೇಲಿತ್ತು. ಅಕ್ಕೋರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅವರು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಒಂದು ಗೋಲಿ ಸೋಡಾ, ಅರ್ಧ ಲಿಂಬೆಹಣ್ಣು, ಕುಂಡದಿಂದ ಆಗಷ್ಟೇ ಚಿವುಟಿದ ಪುದೀನ, ಮತ್ತು ಒಂದು ಬಾಟಲಿ. ಅದರ ಮೇಲಿನ ಚೀಟಿಯನ್ನು ಕಿತ್ತಿರಲಿಲ್ಲ. ಬಿಳಿ ದ್ರಾಕ್ಷಿಯ ವೈನ್.

ನಾನು ಬಾಗಿಲಲ್ಲೇ ನಿಂತೆ. ಅವರು ಬಾಟಲಿಯನ್ನು ಮುಚ್ಚಿಡಲಿಲ್ಲ.

"ಬಾ, ಕೂಡು. ಬಸ್ ಹೋತೇನು? ನಿನಗ ವೈನ್ ಬಿಟ್ಟು ಮಾಡ್ತೀನಿ. ನೀ ಆಣಿ ಮಾಡಿದಾಕಿ."

ಆಮೇಲೆ ತರಗತಿಯಲ್ಲಿ ಹೇಳುವಂತೆ ಹೇಳುತ್ತಾ ಮಾಡಿದರು. ಎತ್ತರದ ಗಾಜಿನ ಲೋಟದ ಒಳಗೋಡೆಗೆ ಸೌತೆಯ ಬಿಲ್ಲೆಗಳನ್ನು ಅಂಟಿಸಿದರು. ಪುದೀನವನ್ನು ಅರೆಯಲಿಲ್ಲ, ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿದರು. "ಅರದ್ರ ಕಹಿ ಬಿಡ್ತದ. ತಟ್ಟಿದ್ರ ವಾಸನಿ ಅಷ್ಟ ಬಿಡ್ತದ." ಲಿಂಬೆಯ ರಸ ಕೆಲವು ಹನಿ, ಸಿಪ್ಪೆಯ ಒಂದು ಎಳೆ. ಬೆರಳ ತುದಿಯಲ್ಲಿ ಎದ್ದಷ್ಟು ಕರಿ ಉಪ್ಪು. ಒಂದಿಷ್ಟು ಐಸು. ಆಮೇಲೆ ಲೋಟದ ಬುಡದಲ್ಲಿ ಎರಡು ಬೆರಳಿನಷ್ಟು ವೈನ್, ಉಳಿದದ್ದೆಲ್ಲ ಸೋಡಾ. ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಆದ ಸದ್ದಿಗೆ ಕಟ್ಟೆಯ ಮೇಲಿನ ಬೆಕ್ಕು ಜಿಗಿದು ಹೊರಗೆ ಹೋಯಿತು.

"ಸಕ್ಕರಿ ಹಾಕಾಂಗಿಲ್ಲೇನ್ರಿ?" ಎಂದೆ. ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ, ಆದರೆ ಬಾಯಿಗೆ ಬಂದದ್ದು ಅದು.

"ಸಕ್ಕರಿ ಹಾಕಿದ್ರ ಒಂದೂವರಿ ರೊಟ್ಟಿ ಆಗ್ತದ. ಹಿಂಗ ಕುಡದ್ರ ಅರ್ಧ ರೊಟ್ಟಿನೂ ಅಲ್ಲ."

ಮುಚ್ಚಳ ತೆರೆದ ಬಾಟಲಿಯ ವೈನ್ ಕೆಲವೇ ದಿನಗಳಲ್ಲಿ ಹುಳಿಯಾಗುತ್ತದೆ. ಅವರು ಕುಡಿಯುವುದು ಶನಿವಾರ ಒಂದೇ ಲೋಟ. ಅದಕ್ಕಾಗಿ ಟಾನಿಕ್ಕಿನ ಹಳೆಯ ಗಾಜಿನ ಶೀಶೆಗಳನ್ನು ಕುದಿಸಿ ಇಟ್ಟುಕೊಂಡಿದ್ದರು. ಬಾಟಲಿ ತೆರೆದ ದಿನವೇ ಉಳಿದದ್ದನ್ನು ಆ ಶೀಶೆಗಳಿಗೆ ಕುತ್ತಿಗೆಯ ತನಕ ತುಂಬಿ, ಗಾಳಿಗೆ ಜಾಗ ಉಳಿಯದಂತೆ ಬಿಗಿದು ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಹುಬ್ಬಳ್ಳಿಗೆ ಕಣ್ಣು ತೋರಿಸಲು ಹೋದಾಗ ತಾವೇ ಅಂಗಡಿಯಲ್ಲಿ ನಿಂತು, ರಸೀತಿ ಕೇಳಿ ತರುತ್ತಿದ್ದರಂತೆ. ಬೇರೆಯವರ ಕೈಯಲ್ಲಿ ತರಿಸಲಿಲ್ಲ.

ಹಿನ್ನೆಲೆಯನ್ನೂ ಅವರೇ ಹೇಳಿದರು. ಗಂಡ ನರಗುಂದದಲ್ಲಿದ್ದಾಗ ಸಂಜೆ ಗುತ್ತಿಗೆದಾರರ ಜೊತೆ ಕುಳಿತು ವಿಸ್ಕಿ, ಕರಿದ ತಿಂಡಿ, ನಡುರಾತ್ರಿಯ ಊಟ. ಡಾಕ್ಟರು ತೂಕ ಇಳಿಸಿ, ಇಲ್ಲದಿದ್ದರೆ ಕಷ್ಟ ಎಂದರು. ಅಕ್ಕೋರು ಅಳಲಿಲ್ಲ, ಜಗಳ ಮಾಡಲಿಲ್ಲ. ಒಂದು ಕರಾರು ಮಾಡಿಕೊಂಡರು. ವಾರಕ್ಕೆ ಒಂದು ಸಂಜೆ, ಮನೆಯಲ್ಲಿ, ತಾವು ಮಾಡಿಕೊಟ್ಟದ್ದು, ತಾವೂ ಜೊತೆಗೆ ಕುಳಿತು. "ನೀವು ಎಷ್ಟು ಕುಡಿತೀರಿ, ನಾನೂ ಅಷ್ಟ ಕುಡಿತೀನಿ ಅಂದೆ. ಅವರಿಗೆ ಭಾಳ ನಾಚಿಕಿ ಆತು. ಎರಡನೇ ಗ್ಲಾಸಿಗೆ ಕೈ ಹಚ್ಚಲಿಲ್ಲ. ಹೆಂಡತಿ ಎದುರಿಗೆ ಕೂತಿದ್ರ ಗಂಡಸಿಗೆ ಎಷ್ಟು ಬೇಕು ಅನ್ನೋದು ಲಗೂನ ತಿಳೀತದ."

ಗಂಡನ ಕೊನೆಯ ವರ್ಷಗಳು ಹಾಗೆ ಕಳೆದವು. ಗಂಡ ಹೋದ ಮೇಲೆ ಲೋಟಗಳಲ್ಲಿ ಒಂದು ಕಡಿಮೆಯಾಯಿತು, ಶನಿವಾರ ನಿಲ್ಲಲಿಲ್ಲ.

ಆಗ ನಾನು ಕೇಳಿದೆ. "ಅಕ್ಕೋರ, ಉಡಿ ಬ್ಯಾಡ ಅಂದದ್ದು..."

"ಮತ್ತೇನು? ಮನ್ಯಾಗ ಬಾಟ್ಲಿ ಇಟ್ಕೊಂಡು ಸೆರಗಿನ್ಯಾಗ ಜೋಳ ಹಿಡಕೊಂಡು ಆಣಿ ಮಾಡ್ಲೇನು? ನೀ ಬ್ಯಾರೆ ತಿಳಕೊಂಡಿ. ತಿಳಕೊಂಡದ್ದು ತಪ್ಪು, ಆದ್ರ ಆದ ಕೆಲಸ ಚಲೋ ಆತು. ಅದಕ್ಕ ನಾ ಸುಮ್ನಿದ್ದೆ."

ನಾನು ಸುಮ್ಮನಿರಲಿಲ್ಲ. ಬಿಟ್ಟುಬಿಡಿ ಎಂದು ವಾದಿಸಿದೆ. ನಿಮಗೆ ಓದು ಇತ್ತು, ಸಂಬಳ ಇತ್ತು, ನಾಚಿಕೆಪಡುವಂಥ ಗಂಡ ಇದ್ದ. ಈ ಹೆಂಗಸರಿಗೆ ಅದೊಂದೂ ಇಲ್ಲ. ನಿಮ್ಮ ಲೋಟ ಎಷ್ಟೇ ಹಗುರವಾಗಿದ್ದರೂ ಅವರ ಕಣ್ಣಿಗೆ ಅದು ಸೆರೆಯೇ. ಇದು ವರ್ಗದ ಪ್ರಶ್ನೆ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಎಲ್ಲವೂ ಖರೆ ಎಂದರು.

"ಬಿಡೋದು ದೊಡ್ಡ ಮಾತಲ್ಲ ತಂಗಿ. ಆದ್ರ ಹೆದರಿ ಬಿಟ್ರ ಅದು ಬಿಟ್ಟಂಗ ಅಲ್ಲ, ಮುಚ್ಚಿಟ್ಟಂಗ. ಬೆಲ್ಲದ ಹಿಂದ ಪಾಕೀಟು ಇಡೋ ಕಿರಾಣಿಯವನಿಗೂ ನನಗೂ ಏನು ಫರಕು?" ಲೋಟದ ಹೊರಗಿನ ತೇವವನ್ನು ಬೆರಳಿನಿಂದ ಒರೆಸಿದರು. "ನನಗ ಈಗ ಇರೋದು ಎರಡ. ಶನಿವಾರ ಈ ಗ್ಲಾಸು. ಉಳಿದ ದಿನ ಈ ಹೆಂಗಸರು. ಒಂದಕ್ಕಾಗಿ ಇನ್ನೊಂದು ಹೋಗಬಾರದು ಅನ್ನೋದು ನನ್ನ ಆಶಾ. ಹೋಗಬಹುದು ಅನ್ನೋದೂ ಗೊತ್ತದ."

ಹಾಗೆ ಒಂದು ಹೋಗುವ ಸಂದರ್ಭ ಬೇಗನೆ ಬಂತು. ಒಂದು ಹಳ್ಳಿಯ ಕಿರಾಣಿ ಅಂಗಡಿಯ ವಿರುದ್ಧ ದೂರು ಕೊಟ್ಟಿದ್ದೆವು. ಅಬಕಾರಿ ಅಧಿಕಾರಿಗಳು ಎರಡೂ ಕಡೆಯವರನ್ನು ಕರೆಸುತ್ತೇವೆ ಎಂದಿದ್ದರು. ನಮ್ಮ ಪರವಾಗಿ ಮಾತನಾಡಲು ಅಕ್ಕೋರೇ ಆಗಬೇಕೆಂದು ಹೆಂಗಸರು ಹಟ ಹಿಡಿದರು. ನಿಂಗವ್ವ, "ಉಡಿ ತುಂಬಿದಾಕಿನ ಮಾತಾಡಬೇಕು, ಈ ಸಲ ಒಲ್ಲೆ ಅನಬ್ಯಾಡ್ರಿ" ಎಂದು ಅವರ ಮನೆಯ ಅಂಗಳಕ್ಕೇ ಉಡಿಯ ಸಾಮಾನು ಕಟ್ಟಿಕೊಂಡು ಬಂದಳು. ಹಿಂದೆ ಹೆಂಗಸರು. ಮಧ್ಯಾಹ್ನದ ಹೊತ್ತು.

ಅಕ್ಕೋರು ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದರು. ಒಳಗೆ ಹೋಗಿ ತಾಟಿನಲ್ಲಿ ಸೌತೆಕಾಯಿ, ಲಿಂಬೆಹಣ್ಣು, ಪುದೀನ, ಗೋಲಿ ಸೋಡಾ ತಂದಿಟ್ಟರು. ಪಾನಕ ಮಾಡುತ್ತಾರೆಂದು ಎಲ್ಲರೂ ತಿಳಿದರು. ಕೊನೆಗೆ ಬಾಟಲಿ ತಂದಿಟ್ಟರು.

"ಇದು ವೈನು. ದ್ರಾಕ್ಷಿ ಸೆರೆ. ಶನಿವಾರ ಒಂದು ಗ್ಲಾಸು ಕುಡಿತೀನಿ. ಇವತ್ತು ಶನಿವಾರಲ್ಲ, ಕುಡಿಯಾಂಗಿಲ್ಲ. ಹ್ಯಾಂಗ ಮಾಡ್ತೀನಿ ಅನ್ನೋದು ತೋರಸ್ತೀನಿ. ಆಮ್ಯಾಲ ಉಡಿ ತುಂಬಬೇಕೋ ಬ್ಯಾಡೋ ನೀವ ಹೇಳ್ರಿ."

ನನ್ನ ಮುಂದೆ ಮಾಡಿದ ಹಾಗೆಯೇ, ಅದೇ ಕ್ರಮದಲ್ಲಿ, ಅವಸರವಿಲ್ಲದೆ ಮಾಡಿದರು. ಗಂಡನ ಕಥೆಯನ್ನೂ ಹೇಳಿ, ಬಾಟಲಿಯ ರಸೀತಿಯನ್ನೂ ತೋರಿಸಿದರು. ಲೋಟವನ್ನು ನಿಂಗವ್ವನ ಮುಂದಿಟ್ಟರು. ನಿಂಗವ್ವ ಅದನ್ನು ಎತ್ತಿ ಮೂಸಿದಳು. ಪಕ್ಕದವಳು ಕುತ್ತಿಗೆ ಚಾಚಿ ನೋಡಿ, "ಯವ್ವಾ, ಇದರಾಗ ಕಾಯಿಪಲ್ಯನ ಜಾಸ್ತಿ ಐತಲ್ಲ" ಎಂದಳು. ಒಂದಿಬ್ಬರು ನಕ್ಕರು. ನಿಂಗವ್ವ ನಗಲಿಲ್ಲ.

"ಅಕ್ಕೋರ, ನಿಮ್ಮಂಗ ನಾನೂ ನನ್ನ ಗಂಡಗ ಸೋಡಾ ಬೆರಸಿ ಕೊಟ್ಟಿದ್ರ, ಅದ ಸೋಡಾ ಬಾಟ್ಲಿಲೆ ನನ್ನ ತಲಿ ಒಡಿತಿದ್ದ."

"ಗೊತ್ತದ ನಿಂಗವ್ವ. ಅದಕ್ಕ ನಾ ಇದನ್ನ ಯಾರಿಗೂ ಕಲಸಿಲ್ಲ."

ಹಿಂದೆ ಕುಳಿತ ಒಬ್ಬ ತರುಣಿ ಎದ್ದು, "ನಮ್ಮ ಕಿಮ್ಮತ್ತು ಕಳದ್ರಿ, ಅಕ್ಕೋರ" ಎಂದು ಹೇಳಿ ಹೊರಟಳು. ಅವಳ ಹಿಂದೆ ಇನ್ನೂ ಕೆಲವರು ಹೋದರು. ಅವಳನ್ನು ನಾನು ದೂರಲಾರೆ. ಅವಳ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು. ಆದರೆ ಆ ಓಣಿಯಲ್ಲೇ ದಿನವೂ ಕುಡಿದು ಕಟ್ಟೆಯ ಮೇಲೆ ಕೂರುವ ಗಂಡಸರಿದ್ದರು. ಅವರಿಂದ ಊರಿನ ಕಿಮ್ಮತ್ತು ಎಂದೂ ಕಳೆದಿರಲಿಲ್ಲ. ಹೆಣ್ಣಿನ ಒಂದು ಲೋಟದಿಂದ ಮಾತ್ರ ಕಳೆಯುವ ಈ ಕಿಮ್ಮತ್ತನ್ನು ಯಾರು ಕಟ್ಟಿದರು, ಯಾರಿಗಾಗಿ ಕಟ್ಟಿದರು ಎಂಬುದನ್ನು ನಾವು ಕೇಳಲೇಬೇಕು.

ನಿಂಗವ್ವ ಉಡಿಯ ಗಂಟನ್ನು ಬಿಚ್ಚಲಿಲ್ಲ. "ಆಣಿ ಮಾಡದಾಕಿ ಮುಂದ ನಿಂತು ಮಾತಾಡೂದು ಬ್ಯಾಡ" ಎಂದಳು. ಅಕ್ಕೋರು ತಲೆಯಾಡಿಸಿದರು. ಗಂಟು ಬಂದ ಹಾಗೆಯೇ ಹೋಯಿತು. ಅಂಗಳ ಖಾಲಿಯಾದ ಮೇಲೆ ಅವರು ಆ ಲೋಟದಲ್ಲಿದ್ದುದನ್ನು ಪುದೀನದ ಕುಂಡಕ್ಕೆ ಸುರಿದರು. ನನ್ನ ಕಡೆ ನೋಡಲಿಲ್ಲ.

ವಿಚಾರಣೆಯ ದಿನ ಅವರು ಬರುವುದಿಲ್ಲ ಎಂದುಕೊಂಡಿದ್ದೆವು. ಬಂದರು. ನಾವು ಹೊರಟ ಟೆಂಪೋದ ಹಿಂದಿನ ಮೂಲೆಯಲ್ಲಿ ಕುಳಿತರು. ಯಾರೂ ಮಾತನಾಡಿಸಲಿಲ್ಲ. ಅಧಿಕಾರಿಗಳ ಮುಂದೆ ನಿಂಗವ್ವ ನಿಂತಳು. ಅವಳು ಮಾತು ಆರಂಭಿಸುವಷ್ಟರಲ್ಲಿ ಅಂಗಡಿಯವನು ನಡುವೆ ಬಾಯಿ ಹಾಕಿದ. ಅಂಗಳದ ಮಾತು ಅಷ್ಟರಲ್ಲಿ ಅಂಗಡಿಗೆ ತಲುಪಿತ್ತು.

"ಸಾಹೇಬ್ರ, ಮೊದಲ ಇವರ ಅಕ್ಕೋರ ಮನಿ ನೋಡ್ರಿ. ಫ್ರಿಜ್ಜಿನ್ಯಾಗ ಬಾಟ್ಲಿ ಐತಿ. ಕುಡಿಯೂ ಹೆಂಗಸರು ನಮಗ ಬುದ್ಧಿ ಹೇಳಾಕ ಬಂದಾರ!"

ಅವನ ಜೊತೆಗೆ ಬಂದವರು ನಕ್ಕರು. ಅಧಿಕಾರಿ ನಿಂಗವ್ವನ ಮುಖ ನೋಡಿದರು. ಇದು ಹೌದೇ ಎಂದು ಕೇಳಿದರು. ನಮಗೆ ಅದು ಆ ದಿನ ಮೊದಲ ಸಲ ತಿಳಿಯುತ್ತಿದ್ದರೆ ನಾವು ಅಲ್ಲಿಯೇ ಕುಸಿಯುತ್ತಿದ್ದೆವು.

"ಹೌದ್ರಿ, ಐತಿ" ಎಂದಳು ನಿಂಗವ್ವ. "ನಮ್ಮ ಮುಂದ ತಂದು ಇಟ್ಟು ತೋರಸ್ಯಾರ. ಅದರಾಗ ಸೌತಿಕಾಯಿ ಹಾಕ್ತಾರ, ಲಿಂಬಿಹಣ್ಣು ಹಾಕ್ತಾರ. ನಾ ಮೂಸಿ ನೋಡೇನಿ. ಬಾಟ್ಲಿಗೆ ಚೀಟಿ ಐತಿ, ತಂದದ್ದಕ್ಕ ರಸೀದಿ ಐತಿ. ಈಗ ಇಂವ ತನ್ನದು ಹೇಳ್ಲಿ. ನೀ ಬೆಲ್ಲದ ಡಬ್ಬಿ ಹಿಂದ ಇಡೂದಕ್ಕ ರಸೀದಿ ಎಲ್ಲೈತಪಾ?"

ನಗುತ್ತಿದ್ದವರು ನಿಲ್ಲಿಸಿದರು. ಅಂಗಡಿಯವನು ಮಾತು ಬದಲಿಸಲು ನೋಡಿದ, ಆಗಲಿಲ್ಲ. ಅವನ ಅಂಗಡಿಯ ಹಿಂಬದಿಯನ್ನು ಮರುದಿನವೇ ಪರಿಶೀಲಿಸಿದರು, ಮಾರಾಟ ನಿಂತಿತು. ಶಾಶ್ವತವಾಗಿ ನಿಂತಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುವ ವ್ಯವಹಾರ ಅದು. ಆದರೂ ಆ ಹಳ್ಳಿಯ ಹೆಂಗಸರು ಸ್ವಲ್ಪ ಕಾಲ ಸಂಜೆಯನ್ನು ಹೆದರಿಕೆಯಿಲ್ಲದೆ ಕಂಡರು.

ಬರುವಾಗ ಟೆಂಪೋದಲ್ಲಿ ನಿಂಗವ್ವ ಹಿಂದಿನ ಮೂಲೆಗೆ ಹೋಗಿ ಅಕ್ಕೋರ ಪಕ್ಕದಲ್ಲಿ ಕುಳಿತಳು. ರೋಣ ದಾಟಿದ ಮೇಲೆ ನಿಂಗವ್ವ, "ಆ ಸೌತಿಕಾಯಿ ಸಿಪ್ಪಿ ತಗದು ಹಾಕ್ತೀರೋ, ಹಂಗ ಹಾಕ್ತೀರೋ?" ಎಂದು ಕೇಳಿದಳು. "ಹಂಗ" ಎಂದರು ಅಕ್ಕೋರು. ಅಷ್ಟೇ.

ಮುಂದಿನ ಶುಕ್ರವಾರ ನಾನು ಅಕ್ಕೋರ ಮನೆಯಲ್ಲಿದ್ದೆ. ನಿಂಗವ್ವ ಒಬ್ಬಳೇ ಬಂದಳು, ಅದೇ ಗಂಟು ಹಿಡಿದುಕೊಂಡು. ಕೂರಲಿಲ್ಲ.

"ಸೆರಗು ಒಡ್ರಿ."

"ನಿಂಗವ್ವ, ಬಾಟ್ಲಿ ಇನ್ನೂ ಮನ್ಯಾಗ ಅದ. ಆಣಿ ನಾ ಮಾಡಾಂಗಿಲ್ಲ."

"ಆಣಿ ಯಾರು ಕೇಳ್ಯಾರ? ಆಣಿ ಬ್ಯಾರೆ, ಉಡಿ ಬ್ಯಾರೆ. ಎರಡನ್ನೂ ಕೂಡಿಸಿ ಗಂಟ ಹಾಕಿದಾಕಿ ನಾನ. ನಾನ ಬಿಚ್ಚತೀನಿ. ಆಣಿ ನಮ್ಮ ನಮ್ಮ ಮನಿ ಗಂಡಸರ ಸಲುವಾಗಿ ಇರ್ಲಿ. ಉಡಿ ನಿಮ್ಮ ಸಲುವಾಗಿ. ಒಡ್ರಿ ಲಗೂನ, ನನಗ ಹೊಲಕ್ಕ ಹೋಗೂದೈತಿ."

ಅಕ್ಕೋರು ಎದ್ದು ನಿಂತು ಸೆರಗು ಒಡ್ಡಿದರು. ಗಂಡ ಸತ್ತವಳೊಬ್ಬಳು ಗಂಡ ಸತ್ತ ಇನ್ನೊಬ್ಬಳ ಉಡಿಗೆ ಬೊಗಸೆಯಿಂದ ಜೋಳ ಸುರಿದಳು. ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಖಣ. ಕೊನೆಗೆ ನಿಂಗವ್ವ ಸೊಂಟದ ಚೀಲದಿಂದ ಒಂದು ಲಿಂಬೆಹಣ್ಣು ತೆಗೆದು ಅದರ ಮೇಲಿಟ್ಟಳು. ಅಕ್ಕೋರು ನಗುತ್ತಾರೆ ಎಂದುಕೊಂಡೆ. ಅವರು ಒಂದು ಕೈಯಿಂದ ಆ ಹಣ್ಣನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಸೆರಗಿನಿಂದ ಕೆಲವು ಕಾಳು ನೆಲಕ್ಕೆ ಉದುರಿದವು.

ನಿಂಗವ್ವ ಹೋದ ಮೇಲೆ ಅವರು ಸೆರಗು ಹಿಡಿದುಕೊಂಡೇ ಕುಳಿತರು.

"ನಮ್ಮನಿಯವರು ಹೋದ ಮ್ಯಾಲ ಯಾರೂ ತುಂಬಿದ್ದಿಲ್ಲ ತಂಗಿ. ಬ್ಯಾಡ ಅಂತ ನಾನೂ ಅಂದುಕೊಂಡಿದ್ದೆ. ಬಾಟ್ಲಿ ಸಲುವಾಗಿ ಒಲ್ಲೆ ಅಂದೆ, ಅದು ಖರೇನ. ಆದ್ರ ಅಂದು ನೀ ನರೇಗಲ್ಲಿನ್ಯಾಗ ಹೇಳಿದ್ದು ಪೂರಾ ತಪ್ಪು ಇದ್ದಿಲ್ಲ ನೋಡು."

ಮರುದಿನ ಶನಿವಾರ, ನಾನು ಅಲ್ಲೇ ಉಳಿದಿದ್ದೆ. ಉಡಿಯ ಜೋಳವನ್ನು ಪಡೆದವಳೇ ಉಣ್ಣಬೇಕು, ಅದು ಪದ್ಧತಿ. ಅವರು ಬೆಳಿಗ್ಗೆಯೇ ಅದನ್ನು ಗಿರಣಿಗೆ ಕೊಂಡೊಯ್ದು ಬೀಸಿಸಿ ತಂದಿದ್ದರು. ಸಂಜೆ ಅಡುಗೆಮನೆಯಲ್ಲಿ ಎರಡು ಲೋಟ ಸಿದ್ಧವಾದವು. ಒಂದರಲ್ಲಿ ವೈನ್, ನನ್ನದರಲ್ಲಿ ಇಲ್ಲ. ಎರಡಕ್ಕೂ ನಿಂಗವ್ವನ ಒಂದೇ ಲಿಂಬೆಹಣ್ಣು. ಅಕ್ಕೋರು ಒಲೆಯ ಮುಂದೆ ನಿಂತು ರೊಟ್ಟಿ ಬಡಿದರು, ಒಂದರ ಮೇಲೊಂದು. ಬಿಸಿಬಿಸಿಯಾಗಿ ತಿನ್ನುತ್ತಾ, ನಡುವೆ ಲೋಟದಿಂದ ಒಂದೊಂದು ಗುಟುಕು ಕುಡಿಯುತ್ತಾ ಕುಳಿತರು. ಎರಡನೆಯ ರೊಟ್ಟಿ ಮುಗಿಯಿತು, ಮೂರನೆಯದಕ್ಕೆ ಕೈ ಚಾಚಿದರು.

ರೂಢಿಯಂತೆ ನಾನೇ ಕೇಳಿದೆ: "ಅಕ್ಕೋರ, ಲೆಕ್ಕ ಎಷ್ಟಾತ್ರಿ?"

"ಇವತ್ತು ಲೆಕ್ಕ ಬ್ಯಾಡ" ಎಂದರು ಅವರು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.